ಅಪ್ಪ ಏಳುವಂತಿಲ್ಲ

ಬಸ್ ಡಿಪೋದ ಮೆಕ್ಯಾನಿಕ್ ನಡುಮನೆಯ ನೆಲದ ಮೇಲೆ ಒಂದು ಟೈಲ್ಸ್ ತುಂಡು ಇಟ್ಟು, ಅದರ ಮೇಲೆ ತಮ್ಮ ಆಟದ ರಿಮೋಟ್ ಕಾರಿನ ಬ್ಯಾಟರಿ ಇಟ್ಟರು. ಎಲ್ಲಾದರೂ ಊದಿಕೊಂಡಿದೆಯೇ ಎಂದು ಹೆಬ್ಬೆರಳಿನಿಂದ ಸವರಿ ನೋಡಿದರು. ಮರಳಿನ ಬಕೆಟ್ಟನ್ನು ಪಕ್ಕಕ್ಕೆ ಎಳೆದುಕೊಂಡರು. ಕಿಟಕಿಯ ಪರದೆ ಹತ್ತಿರ ಬರದಂತೆ ಗಂಟು ಹಾಕಿದರು. ದಪ್ಪ ವೈರು, ಸಣ್ಣ ವೈರು ಎರಡನ್ನೂ ಚಾರ್ಜರಿಗೆ ಸಿಕ್ಕಿಸಿದರು. ಎದುರಿಗೆ ಕೂತ ಮಗಳು ಗುಂಡಿ ಒತ್ತಿ ಅಂಕಿ ಹಾಕಿದಳು. ಇಷ್ಟೆಲ್ಲ ಆಗುವವರೆಗೆ ಇಬ್ಬರೂ ತುಟಿ ಬಿಚ್ಚಲಿಲ್ಲ. ಭಾನುವಾರದ ಪೂಜೆ ಅದು, ಎಂದು ಅಮ್ಮ ಆಡಿಕೊಳ್ಳುತ್ತಿದ್ದರು.

ಕಾರಿನ ಹುಚ್ಚಿನ ಗೆಳೆಯರೊಬ್ಬರು ಬ್ಯಾಟರಿಯನ್ನು ಸೋಫಾದ ಮೇಲೆ ಚಾರ್ಜಿಗಿಟ್ಟು ಸ್ನಾನಕ್ಕೆ ಹೋಗಿದ್ದರು. ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಸೋಫಾ ಇದ್ದ ಜಾಗದಲ್ಲಿ ಬೂದಿ ಇತ್ತು. ಅಂದಿನಿಂದ ಮೆಕ್ಯಾನಿಕ್ ತಮಗೆ ತಾವೇ ಹಾಕಿಕೊಂಡ ಕಟ್ಟಳೆ ಒಂದೇ: ಚಾರ್ಜು ಮುಗಿಯುವ ತನಕ ಬ್ಯಾಟರಿ ಬಿಟ್ಟು ಏಳುವಂತಿಲ್ಲ. ಡಿಪೋ ಮ್ಯಾನೇಜರೇ ಬಾಗಿಲಿಗೆ ಬಂದರೂ ಸರಿಯೇ.

ಅವರು ಒಂದು ಕಡೆ ಕೂರುತ್ತಿದ್ದುದು ವಾರಕ್ಕೆ ಆ ಒಂದು ಗಂಟೆ ಮಾತ್ರ. ಉಳಿದ ಹೊತ್ತು ಮಗಳ ಮದುವೆಯ ಮಾತು ಬಂದರೆ ಸಾಕು, ಅವರ ಕಾಲು ಚಪ್ಪಲಿ ಹುಡುಕುತ್ತಿತ್ತು. ಮಗಳು ಆಸ್ಪತ್ರೆಯ ನರ್ಸ್ ಒಬ್ಬನನ್ನು ಮೆಚ್ಚಿ ಮೂರು ತಿಂಗಳಾಗಿತ್ತು. ಅಪ್ಪ ಹೂಂ ಅನ್ನದೆ ಹೊಸಿಲು ದಾಟುವವಳಲ್ಲ ಅವಳು. ಅಪ್ಪ ಹೂಂ ಇರಲಿ, ಉಹೂಂ ಅನ್ನುವುದಕ್ಕೂ ಮನೆಯಲ್ಲಿ ನಿಲ್ಲುತ್ತಿರಲಿಲ್ಲ.

ಚಾರ್ಜರು ಶುರುವಾಗಿ ಐದು ನಿಮಿಷವಾಗಿತ್ತು, ಕರೆಗಂಟೆ ಸದ್ದಾಯಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ನರ್ಸ್ ಬಾಗಿಲಲ್ಲಿ ನಿಂತಿದ್ದ.

"ಬನ್ನಿ, ಬನ್ನಿ. ಇವತ್ತು ಅವರು ಎಲ್ಲಿಗೂ ಹೋಗಲ್ಲ" ಎಂದರು ಅಮ್ಮ.

"ಓಹೋ, ಬೋನಿಗೆ ಬಿದ್ದೆ ಅನ್ನು!" ಮೆಕ್ಯಾನಿಕ್ ಹೆಂಡತಿಯನ್ನು ನೋಡಿದರು, ಮಗಳನ್ನು ನೋಡಿದರು. ಕೊನೆಗೆ ಬೇರೆ ದಾರಿಯಿಲ್ಲದೆ ಬಂದವನನ್ನು ನೋಡಿದರು. "ಸೂಜಿ ಚುಚ್ಚೋರು ನೀವೇ ತಾನೆ?"

"ಅದೂ ಮಾಡ್ತೀನಿ ಸಾರ್. ಜಾಸ್ತಿ ಹೊತ್ತು ಪಕ್ಕದಲ್ಲಿ ಕೂತಿರ್ತೀನಿ. ಆಪರೇಷನ್ ಆದೋರನ್ನ ಬಿಟ್ಟು ಏಳೋ ಹಾಗಿಲ್ಲ."

"ಗಂಡಸಾದೋನು ಗಂಟೆಗಟ್ಟಲೆ ಒಂದೇ ಕಡೆ ಕೂತ್ಕೊಂಡು, ಬಿಸಿ ಆಯ್ತಾ, ಊತ ಬಂತಾ ಅಂತ ಮುಟ್ಟಿ ಮುಟ್ಟಿ ನೋಡೋದು... ಅದೂ ಒಂದು ಕೆಲಸವೇನ್ರೀ?" ಎನ್ನುತ್ತ ಮೆಕ್ಯಾನಿಕ್ ಬ್ಯಾಟರಿಯನ್ನು ಮುಟ್ಟಿ ನೋಡಿದರು.

ಮಗಳು ಎಂದೂ ಎದುರು ಮಾತಾಡಿದವಳಲ್ಲ. "ಅಪ್ಪಾ, ನೀನೀಗ ಮಾಡ್ತಿರೋದೇನು?" ಎಂದಳು.

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. ಅದರ ಹಿಂದೆಯೇ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕ ಸದ್ದು.

ಆಮೇಲೆ ಚಹಾ ಬಂತು. ಬಿಸಿಲಿನ ಮಾತಾಯಿತು. ಬಿಸಿಲಿನ ಮಾತು ಮುಗಿಯಿತು. ಅರ್ಧ ಗಂಟೆ ಕಳೆದಾಗ ಮೆಕ್ಯಾನಿಕ್ ತಲೆಯ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿ ಚಾರ್ಜರಿನ ಕಡೆ ಬಾಗಿದರು.

"ಇದೇನೇ ಇದು, ಇನ್ನೂ ಕಾಲು ಭಾಗ ತುಂಬಿದೆ ಅಷ್ಟೆ! ಐದು ಆಂಪಿಯರ್ ಹಾಕೋ ಕಡೆ ಎರಡೂವರೆ ಹಾಕಿದ್ದೀಯಲ್ಲೇ?"

"ನಿಧಾನಕ್ಕೆ ತುಂಬಿದ್ರೆ ಬ್ಯಾಟರಿಗೆ ಒಳ್ಳೇದು ಅಂತ ನೀನೇ ಹೇಳಿದ್ದು."

"ಅಂದ್ರೆ ಎರಡು ಗಂಟೆ ನಾನಿಲ್ಲೇ?"

"ಹೂಂ" ಎಂದಳು ಮಗಳು, ನೆಲ ನೋಡುತ್ತ.

ಮೆಕ್ಯಾನಿಕ್ ಬೆರಳು ಗುಂಡಿಯ ತನಕ ಹೋಗಿ ವಾಪಸ್ ಬಂತು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವರು ಒಮ್ಮೆ ಬಾಗಿಲ ಕಡೆ ನೋಡಿದರು, ಒಮ್ಮೆ ನರ್ಸ್ ಕಡೆ ನೋಡಿದರು. "ಕಾಯೋದೇ ನಿಮ್ಮ ಕೆಲಸ ಅಲ್ವೇ? ಸ್ವಲ್ಪ ಇದನ್ನೂ ನೋಡ್ಕೊಳ್ಳಿ. ನಾನು ಅಂಗಡಿ ತನಕ ಹೋಗಿ ಬಂದೆ."

ಮಗಳ ಮುಖ ಬಾಡಿತು. ಅಪ್ಪ ಸ್ವಂತ ಕಟ್ಟಳೆ ಮುರಿದಾದರೂ ತಪ್ಪಿಸಿಕೊಳ್ಳುತ್ತಾರೆ ಎಂದು ಅವಳು ಎಣಿಸಿರಲಿಲ್ಲ.

"ಹಾಗಲ್ಲ ಸಾರ್" ಎಂದ ನರ್ಸ್. "ಡ್ಯೂಟಿ ಬದಲಾಗುವಾಗ ಹೋಗೋರು ಬರೋರಿಗೆ ಎಲ್ಲ ಹೇಳಿ ಹೋಗ್ಬೇಕು. ಇದಕ್ಕೆ ಏನಾದ್ರೆ ಏನು ಮಾಡ್ಬೇಕು, ನಂಗೊತ್ತಿಲ್ಲ." ಅವನು ಜೇಬಿನಿಂದ ಪುಟ್ಟ ಪುಸ್ತಕ, ಪೆನ್ನು ತೆಗೆದು ನೆಲದ ಮೇಲೆ ಕೂತ. ಅಂಗೈ ತಿರುಗಿಸಿ, ಹಿಂಗೈಯನ್ನು ಬ್ಯಾಟರಿಗೆ ಮೆಲ್ಲಗೆ ತಾಗಿಸಿದ. "ಸದ್ಯ ಜ್ವರ ಇಲ್ಲ. ಹೇಳಿ."

ಅರ್ಧ ಎದ್ದಿದ್ದ ಮೆಕ್ಯಾನಿಕ್ ಹಾಗೇ ನಿಂತರು. ಇಷ್ಟು ವರ್ಷದಲ್ಲಿ ಯಾರೂ ಅವರನ್ನು ಹೀಗೆ ಕೇಳಿರಲಿಲ್ಲ.

"ಬರ್ಕೊಳ್ಳಿ" ಎಂದು ಮತ್ತೆ ಕೂತರು. "ಒಳಗೆ ಮೂರು ಸೆಲ್ಲು. ಮೂರರ ಅಂಕಿನೂ ಇಲ್ಲಿ ಕಾಣುತ್ತೆ. ಹೊಡೆದಾಡದ ಅಣ್ಣತಮ್ಮಂದಿರ ಥರ ಸರಿಸಮ ಇರ್ಬೇಕು. ಊದಿದ್ರೆ ಪ್ಲಗ್ ಕೀಳಿ. ಹೊಗೆ ಬಂದ್ರೆ ಕೈ ಹಾಕ್ಬೇಡಿ, ದೂರ ನಿಂತು ಮರಳು ಸುರೀರಿ. ಓಡಿಸಿ ತಂದ ತಕ್ಷಣ ಚಾರ್ಜಿಗೆ ಹಾಕ್ಬಾರ್ದು, ಆರ್ಬೇಕು..."

"ನಮ್ಮಲ್ಲೂ ಅಷ್ಟೇ ಸಾರ್. ಓಡಿ ಬಂದೋರ ಬಿಪಿ ತಕ್ಷಣ ನೋಡಲ್ಲ."

"ಹೌದಾ!" ಎಂದರು ಮೆಕ್ಯಾನಿಕ್, ಮಂಡಿ ಹತ್ತಿರ ಸರಿಸಿ.

ಪುಟ್ಟ ಪುಸ್ತಕದಲ್ಲಿ ನಾಲ್ಕು ಪುಟ ತುಂಬಿದವು. ಅಂಗಡಿಯ ನೆನಪು ಯಾರಿಗೂ ಬರಲಿಲ್ಲ. ಚಾರ್ಜರು ಪೀಂ ಎಂದಾಗ ಇಬ್ಬರೂ, ಇಷ್ಟು ಬೇಗ ಆಗಿಹೋಯಿತೇ ಎಂಬಂತೆ ಮುಖ ಮುಖ ನೋಡಿಕೊಂಡರು.

ಹಿತ್ತಲಿನಲ್ಲಿ ಕೆಂಪು ಕಾರು ದೂಳೆಬ್ಬಿಸಿ ಹೊರಟಿತು. ರಿಮೋಟು ನರ್ಸ್ ಕೈಯಲ್ಲಿತ್ತು. ಕಾರು ನೆಟ್ಟಗೆ ನೀರಿನ ತೊಟ್ಟಿಯತ್ತ ನುಗ್ಗುತ್ತಿತ್ತು.

"ಎಡಕ್ಕೆ! ಎಡಕ್ಕೆ ತಿರುಗ್ಸಿ ಅಳಿಯಂದ್ರೇ, ಎಡಕ್ಕೆ!"

ಬಟ್ಟೆ ಒಣಹಾಕುತ್ತಿದ್ದ ಅಮ್ಮನ ಕೈ ಹಗ್ಗದ ಮೇಲೆಯೇ ನಿಂತಿತು. ಅಪ್ಪನಿಗೆ ತಾನೇನಂದೆ ಎಂಬುದು ಗೊತ್ತಾದಂತಿರಲಿಲ್ಲ. ನರ್ಸಿಗೆ ಕೇಳಿಸಿದಂತೆಯೂ ಇರಲಿಲ್ಲ. ಕಾರು ತೊಟ್ಟಿಯನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತು, ಇಬ್ಬರೂ ಒಟ್ಟಿಗೆ ಹೋ ಎಂದು ಕೂಗಿದರು.

ಮಗಳು ಕಣ್ಣೊರೆಸಿಕೊಂಡು ಮೆಟ್ಟಿಲಿಳಿದು ಬಂದಳು. ಇಬ್ಬರ ಬೆನ್ನ ಹಿಂದೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕೈ ಚಾಚಿದಳು.

"ನಂಗೂ ಒಂದ್ಸಲ ಕೊಡಿ."