ಮಾರ್ದನಿ ಅಡಗುವ ತನಕ

ಈ ಕಥೆಯನ್ನು ಮೊದಲು ಹೇಳಿದವರು ಬಣ್ಣದ ಮೇಸ್ತ್ರಿಯ ಅತ್ತಿಗೆ, ಕಳೆದ ಚಳಿಗಾಲದ ಒಂದು ಸಂಜೆ, ಹೊಲಿಗೆ ಅಂಗಡಿಯ ಕಟ್ಟೆಯ ಮೇಲೆ.

ಖಾಲಿ ನೀರಿನ ಟ್ಯಾಂಕಿನೊಳಗೆ, ಏಣಿಯ ಕಡೆಗೊಂದು, ಆಚೆಗೊಂದು ಹಗ್ಗ ಕಟ್ಟಿ ತೂಗುಹಾಕಿದ ಹಲಗೆಯ ಮೇಲೆ ಕುಳಿತು ಬಣ್ಣ ಬಳಿಯುತ್ತಿದ್ದ ಮೇಸ್ತ್ರಿ, ಹಲಗೆ ವಾಲಿದೊಡನೆ ಕೂಗಿದ: "ಯಾವ ಹಗ್ಗ ಜಾರ್ತಿದೆ ನೋಡ್ರೋ?" ಮೇಲೆ ಟ್ಯಾಂಕಿನ ಬಾಯಿಯ ಬಳಿ ನಿಂತಿದ್ದ ಕೆಲಸದವರು ಒಟ್ಟಿಗೇ ಉತ್ತರ ಕೊಟ್ಟರು. ಮಾತುಗಳು ಗೋಡೆಗೆ ಬಡಿದು ಕಲಸಿಹೋಗಿ, ಅವನಿಗೆ ಬರೀ ಗದ್ದಲ ಕೇಳಿಸಿತು.

ಗುಡ್ಡಸೀಮೆಯಿಂದ ಹೊಸದಾಗಿ ಕೆಲಸಕ್ಕೆ ಬಂದಿದ್ದ ಹೆಂಗಸು ಮಾತ್ರ ಬಾಯಿ ತೆರೆಯಲಿಲ್ಲ. ಗುಡ್ಡದವರ ತಲೆಗೆ ಮಾತು ಇಳಿಯುವುದು ತಡ ಎಂದು ಎಲ್ಲರೂ ಅವಳನ್ನು ಆಡಿಕೊಳ್ಳುತ್ತಿದ್ದರು. "ಇವತ್ತೂ ಕರೆದ ತಕ್ಷಣ ಓಗೊಡದಿದ್ರೆ ನಾಳೆಯಿಂದ ಬರಬೇಡಮ್ಮ" ಎಂದು ಬೆಳಿಗ್ಗೆಯಷ್ಟೇ ಮೇಸ್ತ್ರಿ ಹೇಳಿದ್ದ. ಆದರೂ ಅವಳು ನಾಲಿಗೆಯ ತುದಿಗೆ ಬಂದ ಉತ್ತರವನ್ನು ತಡೆದಳು. ಕಣಿವೆಯಾಚೆಯಿಂದ ಅಕ್ಕ ಕೂಗಿದರೆ, ಮಾರ್ದನಿ ಅಡಗಿದ ಮೇಲೆಯೇ ಓಗೊಟ್ಟು ಬೆಳೆದವಳು ಅವಳು.

"ಇವಳ ಕಿವಿಗೆ ಇನ್ನೂ ಬಿದ್ದೇ ಇಲ್ಲ ಕಣ್ರೋ!" ಎಂದು ಪಕ್ಕದವನು ಅರಚಿದ. ಬಣ್ಣ ಮೆತ್ತಿದ ಅಂಗೈಯನ್ನು ಅವಳು ಅವನ ಬಾಯಿಗೆ ಒತ್ತಿ ಹಿಡಿದಳು. ಉಳಿದವರು ಬೆರಗಾಗಿ ಸುಮ್ಮನಾದರು, ಟ್ಯಾಂಕೂ ಸುಮ್ಮನಾಯಿತು. ಆಗ ಅವಳು ಒಂದೇ ಸಲ ಹೇಳಿದಳು: "ಏಣಿ ಕಡೆಯದು, ಮೇಸ್ತ್ರಿ. ಆಚೆ ಹಗ್ಗ ಹಿಡ್ಕೊಳ್ಳಿ." ಅವನು ಆಚೆಗೆ ಸರಿದು ಹಗ್ಗವನ್ನು ತಬ್ಬಿಕೊಳ್ಳುವುದಕ್ಕೂ ಏಣಿ ಕಡೆಯ ಹಗ್ಗ ಕಳಚಿ ಬೀಳುವುದಕ್ಕೂ ಸರಿಹೋಯಿತು.

ಮರುದಿನ ಒಳಗಿನಿಂದ ಮೇಸ್ತ್ರಿ ಕೂಗಿದಾಗ ಮೇಲಿದ್ದ ಒಬ್ಬರೂ ತುಟಿ ಬಿಚ್ಚಲಿಲ್ಲ. ಎಲ್ಲರೂ ಅವಳ ಮುಖವನ್ನೇ ನೋಡುತ್ತ ಕಾದರು.

ಇಷ್ಟು ಹೇಳಿ ಅತ್ತಿಗೆ ಕಥೆ ಮುಗಿಸಿದರು. ಕೇಳಿದವರು ಎದ್ದು ಮನೆಗೆ ಹೋದರು.