ಹದಿನಾಲ್ಕನೇ ನಂಬರಿನ ಕುರ್ಚಿ

ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಅಂಬರೇಶ ಸಾಹೇಬರು ಕಾಗದವನ್ನು ಮೇಜಿನ ಅಂಚಿಗೆ ಸರಿಸಿ, ಸಹಿ ಮಾಡಬೇಕಾದ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿದರು. ಅಂಬುಜಾ ನಿಂತುಕೊಂಡೇ ಓದಿದಳು. 'ನನ್ನ ಗಂಡ ಭಾಗಣ್ಣ ಉಬ್ಬಸ ರೋಗದಿಂದ ತೀರಿಕೊಂಡಿದ್ದು, ಈ ಬಗ್ಗೆ ನನ್ನ ಯಾವ ತಕರಾರೂ ಇರುವುದಿಲ್ಲ.'

"ಒಂದ್ ಸಹಿ ಹಾಕಿಬಿಡಮ್ಮಾ. ಮೂರು ವರ್ಷದ ಫೈಲು. ನನಗೂ ತಲಿನೋವು ತಪ್ತದ, ನಿನಗೂ ಶಹಾಬಾದದಿಂದ ಓಡಾಡೋದು ತಪ್ತದ."

ತಪ್ಪಲಿ ಎಂದುಕೊಂಡೇ ಅವಳು ಬಂದಿದ್ದಳು. ಭಾಗಣ್ಣ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಿಂದ ಹುಬ್ಬು, ರೆಪ್ಪೆಯೆಲ್ಲ ಬೆಳ್ಳಗಾಗಿ ಮನೆಗೆ ಬರುತ್ತಿದ್ದ. ಮೂವತ್ತೊಂದನೇ ವಯಸ್ಸಿಗೆ ಉಸಿರು ಸಾಲದೆ ಹೋದ. ಅವನ ಜೊತೆಗೆ ದುಡಿದ ಆರು ಜನ ಇನ್ನೂ ಕೆಮ್ಮುತ್ತಿದ್ದಾರೆ. ಅವನನ್ನು ಕೊಂದದ್ದು ಕಲ್ಲಿನ ಧೂಳು ಎಂದು ಕಾಗದದಲ್ಲಿ ಬಂದರೆ ಅವರ ಚಿಕಿತ್ಸೆಗೂ ದಾರಿಯಾಗುತ್ತದೆ ಎಂದು ಪಾಸ್ಟರ್ ಶಾಂತಕುಮಾರರು ಹೇಳುತ್ತಿದ್ದರು. ಹಾಗೆ ಹೇಳುತ್ತಿದ್ದ ಅವರೇ ತೀರಿಕೊಂಡು ಒಂದು ವರ್ಷವಾಯಿತು; ಅವಳು ಇಲ್ಲಿಗೆ ಒಬ್ಬಳೇ ಬಂದದ್ದು ಇದೇ ಮೊದಲು. ಅಂಬುಜಾ ಪೆನ್ನಿನ ಮುಚ್ಚಳ ತೆಗೆದಳು.

"ತಡೀ ತಂಗೀ," ಎಂದ, ಬಾಗಿಲಲ್ಲಿ ನಿಂತಿದ್ದ ಮುದಿ ಜವಾನ ಶೌಕತ ಅಲಿ. ಹಳೆಯ ಕಡತಗಳ ಕೋಣೆಗೆ ಹೋಗಿ ಮಡಚುವ ಕಬ್ಬಿಣದ ಕುರ್ಚಿಯೊಂದನ್ನು ಎತ್ತಿಕೊಂಡು ಬಂದ. ಬೆನ್ನಿನ ತಗಡಿನ ಮೇಲೆ ಬಿಳಿ ಬಣ್ಣದಲ್ಲಿ ೧೪ ಎಂದು ಬರೆದಿತ್ತು.

ಆ ಅಂಕಿ ಅವಳಿಗೆ ಗೊತ್ತು. ಅದು ಚರ್ಚಿನ ಕುರ್ಚಿ. ಅಂಬುಜಾ ಆ ಸಭೆಯವಳಲ್ಲ. ನೀನು ಯಾವ ದೇವರಿಗೆ ನಡೆದುಕೊಳ್ಳುತ್ತೀ ಎಂದು ಪಾಸ್ಟರ್ ಒಮ್ಮೆಯೂ ಕೇಳಿದವರಲ್ಲ. ಒಂದು ಭಾನುವಾರ ಅವರು ಚರ್ಚಿನ ಪ್ರವಚನದ ನಡುವೆಯೇ, ಮುಂದಿನ ಸಾಲಿನಲ್ಲಿ ಕೂತಿದ್ದ ಪಾಲಿಶ್ ಕಾರ್ಖಾನೆಯ ಮಾಲೀಕನನ್ನು ನೋಡಿ, "ಅಣ್ಣಾರ, ನಿಮ್ಮ ಅಂಗಿ ಭಾಳ ಬೆಳ್ಳಗದ. ನಿಮ್ಮ ಕೆಲಸದವರ ಎದಿನೂ ಅಷ್ಟೇ ಬೆಳ್ಳಗದ. ಎಕ್ಸ್‌ರೇ ತಂದೀನಿ, ನೋಡ್ತೀರೇನು?" ಎಂದು ಕೇಳಿಬಿಟ್ಟಿದ್ದರಂತೆ. ಮುಂದಿನ ವಾರ ಚರ್ಚಿನಲ್ಲಿ ಎರಡು ಸಾಲು ಖಾಲಿ. "ಛಲೋ ಆತು, ಕಚೇರಿಗೆ ಒಯ್ಲಿಕ್ಕ ಕುರ್ಚಿ ಸಿಕ್ಕವು" ಎಂದು ನಕ್ಕ ಪಾಸ್ಟರ್, ಆಮೇಲೆ ನಿಜಕ್ಕೂ ಒಯ್ಯತೊಡಗಿದರು. ಕಚೇರಿಗಳಲ್ಲಿ ಬಡವರನ್ನು ನಿಲ್ಲಿಸಿಯೇ ಮಾತಾಡಿಸುತ್ತಾರೆ ಎಂಬುದು ಅವರಿಗೆ ಕೊನೆತನಕ ಆರದ ಸಿಟ್ಟು.

ಅಂಬುಜಾಳನ್ನು ಮೊದಲ ಸಲ ಇಲ್ಲಿಗೆ ಕರೆತಂದ ದಿನವೂ ಅಷ್ಟೇ. ಬಸ್ಸು ಬದಲಿಸಲು ವಾಡಿಯಲ್ಲಿ ಇಳಿದಾಗ, ಅರವತ್ತೆಂಟರ ಮುದುಕನ ಹೆಗಲ ಮೇಲೆ ಕುರ್ಚಿ ಕಂಡು ಹಣ್ಣು ಮಾರುವ ತಾಜುನ್ನಿಸಾ ಕೂಗಿದ್ದಳು, "ಯಾರ ಲಗ್ನರೀ ಪಾದ್ರಿ ಸಾಬ್?"

"ಲಗ್ನ ಅಲ್ಲವ್ವಾ, ಸರಕಾರಕ್ಕ ಕುರ್ಚಿ ಕಮ್ಮಿ ಬಿದ್ದಾವಂತ!"

ಇದೇ ಮೇಜಿನ ಮುಂದೆ ಅದನ್ನು ಬಿಡಿಸಿ, "ಕುಂದ್ರವ್ವಾ, ನಿಂತು ಕೇಳಿದ್ರ ಬೇಡಿದಂಗ ಕಾಣಸ್ತದ" ಎಂದಿದ್ದರು. ಗಂಡ ಸತ್ತು ಇನ್ನೂ ಮೂರೇ ತಿಂಗಳು. ಆಗಿದ್ದ ಸಾಹೇಬರ ಎದುರು ಕೂರುವ ಧೈರ್ಯ ಅವಳಿಗೆ ಬರಲಿಲ್ಲ. ಅವಳು ಕೂರಲಿಲ್ಲವೆಂದು ಅವರೂ ಕೂರಲಿಲ್ಲ. ಎರಡು ತಾಸು, ಖಾಲಿ ಕುರ್ಚಿಯ ಆಚೆಗೊಬ್ಬರು ಈಚೆಗೊಬ್ಬರು ನಿಂತೇ ಇದ್ದರು. ಮರಳುವ ಬಸ್ಸಿನಲ್ಲಿ ಅವಳಿಗೇ ನೆನಪಾಗಿ, "ಕುರ್ಚಿ ಮರ್ತು ಬಂದ್ರಲ್ರೀ" ಎಂದಾಗ, "ವಯಸ್ಸಾತು ನೋಡವ್ವಾ" ಎಂದು ಕಿಟಕಿಯ ಕಡೆ ಮುಖ ತಿರುಗಿಸಿದ್ದರು.

"ಅವರೇನ್ ಮರ್ತು ಹೋಗಿದ್ದಿಲ್ಲ," ಎಂದ ಶೌಕತ ಅಲಿ, ಹೆಗಲ ಮೇಲಿನ ಟವೆಲಿನಿಂದ ಕುರ್ಚಿ ಒರೆಸುತ್ತ. "'ಶೌಕತ ಭಾಯಿ, ಇದು ನಿಮ್ಮ ಹಂತ್ಯಾಕ ಇರ್ಲಿ. ಆಕಿ ಒಬ್ಬಾಕಿನೇ ಬರೋ ದಿನ ಬರ್ತದ, ಅವತ್ತ ಹಾಕಿಕೊಡ್ರಿ' ಅಂದಿದ್ರು. ಮೂರು ಮಂದಿ ಸಾಹೇಬ್ರು ಬದಲಾದ್ರು, ನಾ ಯಾರಿಗೂ ತೋರಿಸಿಲ್ಲ."

"ಏನ್ ಶೌಕತ ಅಲಿ, ಇದೇನ್ ಶಾಮಿಯಾನದ ಅಂಗಡಿ ಅಂತ ತಿಳಿದೀರೇನು? ಮೊದಲ ಸಹಿ ಆಗ್ಲಿ."

"ಕುಂತೇ ಮಾಡ್ಲಿ ಬಿಡ್ರಿ ಸಾಬ್. ಕೈ ನಡುಗಂಗಿಲ್ಲ."

ಅಂಬುಜಾ ಕೂತಳು. ಕುರ್ಚಿ ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು. ಕಾಗದವನ್ನು ಹತ್ತಿರ ಎಳೆದುಕೊಂಡು ಇನ್ನೊಮ್ಮೆ ಓದಿದಳು. 'ಉಬ್ಬಸ ರೋಗದಿಂದ' ಎಂಬುದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಕಾಗದವನ್ನು ತಿರುಗಿಸಿ ಮೇಜಿನ ಆಚೆಗೆ ಸರಿಸಿದಳು.

"ಕಲ್ಲಿನ ಧೂಳಿನಿಂದ ಅಂತ ಬರೀರಿ ಸಾಹೇಬ್ರ. ಎಕ್ಸ್‌ರೇ ಫೈಲಿನಾಗೇ ಅದ."

"ಅದೆಲ್ಲ ಇವತ್ತ ಆಗೂದಿಲ್ಲಮ್ಮಾ. ನಾಳಿ ಬಾ."

"ನಾಳಿನೂ ಬರ್ತೀನ್ರಿ. ಕುರ್ಚಿ ಇಲ್ಲೇ ಅದಲ್ಲ."

ಸಾಹೇಬರು ಅವಳನ್ನೂ ಕುರ್ಚಿಯನ್ನೂ ನೋಡಿದರು. ಆಮೇಲೆ ಎದ್ದು ಕಪಾಟಿನಿಂದ ಫೈಲು ಎಳೆದು, ಮೂರು ವರ್ಷದಿಂದ ಯಾರೂ ಬಿಚ್ಚದ ಲಕೋಟೆಯಿಂದ ಎಕ್ಸ್‌ರೇ ಹೊರತೆಗೆದು ಕಿಟಕಿಯ ಬಿಸಿಲಿಗೆ ಹಿಡಿದರು. ಭಾಗಣ್ಣನ ಎದೆ ಬೆಳ್ಳಗೆ ಹೊಳೆಯಿತು. ಅದನ್ನು ಹಿಡಿದುಕೊಂಡು ಸಾಹೇಬರು ಎಷ್ಟೋ ಹೊತ್ತು ನಿಂತೇ ಇದ್ದರು.

ಅಂಬುಜಾ ಕೂತಿದ್ದಳು.