ಮೊದಲು ನಿಮ್ಮ ಊಹೆ ಬರೆಯಿರಿ

ಹಕ್ಕಿಗಳ ವಿಷಯ ಬಲ್ಲವರು ಇದನ್ನು ಓದಬಹುದು. ನನಗೆ ಅಷ್ಟಾಗಿ ತಿಳಿಯದು, ತಪ್ಪಿದ್ದರೆ ಕ್ಷಮಿಸಬೇಕು. ಗಂಡಹೆಂಡಿರ ನಡುವೆ ಮೂಗು ತೂರಿಸಿದ್ದಕ್ಕೂ ಸೇರಿಸಿಯೇ ಕ್ಷಮಿಸಿಬಿಡಿ.

"ರೀ, ಕೆಂಚು ಬೆನ್ನು, ಮೈತುಂಬ ಕಪ್ಪು ಚುಕ್ಕೆ, ಕೊಕ್ಕು ಕೊಂಕು. ಯಾವ ಹಕ್ಕಿ ಇರಬಹುದು?" ಎಂದು ಹೊಲಿಗೆಯಾಕೆ ಊಟ ಬಡಿಸುತ್ತ ಗಂಡನನ್ನು ಕೇಳಿದಳು.

ಅವರದು ಕನ್ನಡಕದ ಅಂಗಡಿ. ಅಂಗಡಿ ಹೊಟ್ಟೆಪಾಡಿಗೆ, ಪ್ರಾಣವೆಲ್ಲ ಮೊಬೈಲಿನ ಹಕ್ಕಿ ಗುಂಪಿನ ಮೇಲೆ. ಗುರುತು ಸಿಗದ ಹಕ್ಕಿಯ ಫೋಟೋವನ್ನು ಯಾರು ಬೇಕಾದರೂ ಅಲ್ಲಿ ಹಾಕಿ ಕೇಳಬಹುದು. ಹೇಗೆ ಕೇಳಬೇಕೆಂಬ ನಿಯಮಗಳನ್ನು ಬರೆದವರು ಅಡ್ಮಿನ್ ಆದ ಇವರೇ. ಮೊಬೈಲಿನಿಂದ ತಲೆ ಎತ್ತದೆ ಅಂದರು: "ಹೀಗೆ ಬಾಯಲ್ಲಿ ಕೇಳಿದ್ರೆ ಹೇಳಕ್ಕಾಗಲ್ಲ. ಗುಂಪಲ್ಲಿ ಹಾಕು. ರೂಲು ಎಲ್ಲರಿಗೂ ಒಂದೇ."

"ಮನೆಯವಳಿಗೂನಾ?"

"ಮನೆಯವರಿಗೆ ಇನ್ನೂ ಬಿಗಿ."

ಆಕೆಗೆ ಉರಿದುಹೋಯಿತು. ಅವರು ಅಂಗಡಿಗೆ ಹೊರಟದ್ದೇ ತಡ, 'ಮಸಿಬಟ್ಟೆ' ಎಂಬ ಹೆಸರಿಟ್ಟುಕೊಂಡು ಗುಂಪು ಸೇರಿದಳು; ಅಲ್ಲಿ ಫೋನ್ ನಂಬರು ಕಾಣಿಸದು, ಹೆಸರಷ್ಟೇ. ಹೊಲಿಗೆ ಯಂತ್ರದ ಮುಂದೆ ಕೂತರೆ ಕಿಟಕಿಯಾಚೆ ಹಿಂದಿನ ಬಾಲ್ಕನಿ. ಅಲ್ಲಿ, ತಾನು ನೆಟ್ಟ ಗಿಡಗಳೆಲ್ಲ ಸತ್ತುಹೋದ ಉದ್ದನೆಯ ಕುಂಡದಲ್ಲಿ, ಆ ಹಕ್ಕಿ ಮೊಟ್ಟೆಗಳ ಮೇಲೆ ಕೂತಿತ್ತು. ಕಿಟಕಿಯ ಒಳಗಿಂದಲೇ ಫೋಟೋ ತೆಗೆದು, 'ಇದು ಯಾವ ಹಕ್ಕಿ?' ಎಂದು ಹಾಕಿದಳು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಪ್ರಶ್ನೆ ಮಾಯ. ಬದಲಿಗೆ ಅಡ್ಮಿನ್ ಅಪ್ಪಣೆ: 'ಗಾತ್ರ ಬರೆದಿಲ್ಲ. ಗುಬ್ಬಿಯಷ್ಟೋ, ಮೈನಾದಷ್ಟೋ, ಪಾರಿವಾಳದಷ್ಟೋ? ಮೊದಲು ನಿಮ್ಮ ಊಹೆ ಬರೆಯಿರಿ, ಕಾರಣ ಸಹಿತ. ಊಹೆಯಿಲ್ಲದ ಪ್ರಶ್ನೆಗೆ ಇಲ್ಲಿ ಜಾಗವಿಲ್ಲ.'

ಆಕೆ ಮತ್ತೆ ಬರೆದಳು: 'ಪಾರಿವಾಳಕ್ಕಿಂತ ತುಸು ಚಿಕ್ಕದು. ನನ್ನ ಊಹೆ: ಸಿಟ್ಟು ಬಂದ ಪಾರಿವಾಳ. ಕಾರಣ: ನೋಡುವ ನೋಟ ಥೇಟ್ ನಮ್ಮ ಅತ್ತೆಯವರದು.'

ಕಾರಣ ಇದ್ದುದರಿಂದ ಈ ಸಲ ಪ್ರಶ್ನೆ ಉಳಿಯಿತು. ಸಂಜೆಯ ಹೊತ್ತಿಗೆ ಉತ್ತರವೂ ಬಂತು: ಚಾಣ, ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುವ ಸಣ್ಣ ಗಿಡುಗ, ಹೆಣ್ಣು. ಇಬ್ಬರು ಬಲ್ಲವರು ಹೌದೆಂದ ಮೇಲೆ ಅಡ್ಮಿನ್ 'ಗುರುತಾಯ್ತು' ಎಂದು ಮುದ್ರೆ ಒತ್ತಿದರು. ಒಡನೆ ಗುಂಪಿನಲ್ಲಿ ಗದ್ದಲವೆದ್ದಿತು. ಎಲ್ಲಿ? ಎಲ್ಲಿ? ಎಲ್ಲರ ಕ್ಯಾಮೆರಾಗಳೂ ಹೆಗಲೇರಿದ್ದವು. ಅಡ್ಮಿನ್ ಗುಡುಗಿದರು: 'ಗೂಡಿನ ಜಾಗ ಯಾರೂ ಕೇಳಕೂಡದು, ಯಾರೂ ಹೇಳಕೂಡದು. ಹಿಂದೊಮ್ಮೆ ನಾವೆಲ್ಲ ಮುತ್ತಿಕೊಂಡು ತಾಯಿ ಮೊಟ್ಟೆ ಬಿಟ್ಟು ಹೋದದ್ದು ಮರೆತಿರಾ?'

ಗುಂಪಿನಲ್ಲಿ ಒಬ್ಬ ತರಲೆ ಮೇಷ್ಟ್ರಿದ್ದರು. ಅವರು ಕೇಳಿದರು: 'ಹಕ್ಕಿಯೇನೋ ಗುರುತಾಯ್ತು. ಮೂಲೆಯಲ್ಲಿ ಪಟ್ಟೆ ಪಟ್ಟೆ ಕಾಣ್ತಿದೆಯಲ್ಲ, ಅದು ಯಾವ ಜಾತಿ?'

ಆಕೆ ಫೋಟೋ ಹಿಗ್ಗಿಸಿ ನೋಡಿದಳು. ತಂತಿಯ ಮೇಲೆ ನೇತಾಡುತ್ತಿದ್ದುದು ಗಂಡನ ಚಡ್ಡಿ. ಪರದೆಗೆಂದು ತಂದು ಮಿಕ್ಕ ಹಳದಿ ಹಸಿರು ಪಟ್ಟೆಯ ಬಟ್ಟೆಯಲ್ಲಿ ಆಕೆಯೇ ಹೊಲಿದದ್ದು. ಭೂಮಂಡಲ ಹುಡುಕಿದರೂ ಅದಕ್ಕೆ ಜೋಡಿ ಸಿಗಲಾರದು.

'ವಿಷಯಾಂತರ ಬೇಡ' ಎಂದು ಅಡ್ಮಿನ್ ಮೇಷ್ಟ್ರ ಮಾತನ್ನು ಅಳಿಸಿದರು. ಆಕೆಗೆ ಹೋದ ಜೀವ ಬಂತು.

ರಾತ್ರಿ ಅಡುಗೆಮನೆಯಲ್ಲಿದ್ದಾಗ ಮಸಿಬಟ್ಟೆಗೆ ಅಡ್ಮಿನ್‌ರಿಂದ ಗುಟ್ಟಿನ ಸಂದೇಶ: 'ಮೇಡಂ, ರೂಲು ಮಾಡಿದ್ದು ನಾನೇ. ಆದ್ರೂ ಚಾಣ ಗೂಡಲ್ಲಿ ಕೂತಿದ್ದನ್ನ ಈ ಜನ್ಮದಲ್ಲಿ ಕಣ್ಣಾರೆ ನೋಡಿಲ್ಲ. ನನಗೊಬ್ಬನಿಗೆ ಹೇಳಿ. ದೂರದಿಂದ ನೋಡ್ತೀನಿ.'

ಆಕೆಯ ಮನಸ್ಸು ಹೊಯ್ದಾಡಿತು. ಪಾಪ, ಎಷ್ಟು ವರ್ಷದ ಆಸೆ. ಆದರೆ ಅವರ 'ದೂರ' ಎಂದರೆ ಹಕ್ಕಿಯ ಮೂಗಿಗೆ ಲೆನ್ಸ್ ಮುಟ್ಟಿಸುವುದು ಎಂದು ಆಕೆಗಲ್ಲದೆ ಇನ್ನಾರಿಗೆ ಗೊತ್ತು? ತಾಯಿ ಎದ್ದು ಹೋದರೆ ಮೊಟ್ಟೆ ತಣ್ಣಗಾದಂತೆಯೇ. ಬರೆದಳು: 'ಸರ್, ರೂಲು ಎಲ್ಲರಿಗೂ ಒಂದೇ. ಅಡ್ಮಿನ್‌ಗೆ ಇನ್ನೂ ಬಿಗಿ.'

ಹಜಾರದಲ್ಲಿ ಗಂಡ ಮೊಬೈಲನ್ನು ಮೇಜಿನ ಮೇಲೆ ಟಪ್ಪೆಂದು ಕುಕ್ಕಿದರು.

"ಯಾಕ್ರೀ, ಏನಾಯ್ತು?"

"ಏನಿಲ್ಲ. ಗುಂಪಲ್ಲಿ ಒಬ್ಬಳು ಭಾರಿ ಘಾಟಿ ಹೆಂಗಸು ಸೇರ್ಕೊಂಡಿದಾಳೆ."

"ಅಯ್ಯೋ ಪಾಪ. ಅಂತೂ ನಿಮಗೆ ತಕ್ಕವಳು ಸಿಕ್ಕಿದಳು ಅನ್ನಿ."

ಮರುದಿನ ಆಕೆ ಬಾಲ್ಕನಿಗೆ ಹೋಗುವ ಹಿಂಬಾಗಿಲ ಚಿಲಕ ಕೆಟ್ಟಿದೆ ಎಂದು ಸುಳ್ಳು ಹೇಳಿದಳು. ದಿನವಿಡೀ ಸಾಸಿವೆಯಂಥ ಸ್ಕ್ರೂ ಬಿಗಿಯುವ ಮನುಷ್ಯ, "ಇರಲಿ ಬಿಡು" ಎಂದರೇ ಹೊರತು ಅತ್ತ ಕೈ ಹಾಕಲಿಲ್ಲ. ಬಟ್ಟೆಗಳು ಮನೆಯೊಳಗೆ ಫ್ಯಾನಿನಡಿ ಒಣಗಿದವು. ಅರೆಒದ್ದೆ ಚಡ್ಡಿ ತೊಟ್ಟೂ ಅವರು ಗೊಣಗಲಿಲ್ಲ. ಗೊಣಗದಿದ್ದುದೇ ಆಕೆಗೆ ಅನುಮಾನ. ಗುಂಪಿನ 'ಗುರುತಾಯ್ತು' ಆಲ್ಬಂ ತೆರೆದು ನೋಡಿದಳು. ತನ್ನ ಫೋಟೋಗೆ ಕತ್ತರಿ ಬಿದ್ದು ಹಕ್ಕಿ ಮಾತ್ರ ಉಳಿದಿತ್ತು, ಪಟ್ಟೆಯಿರಲಿಲ್ಲ. ಬೇರೆ ಫೋಟೋಗಳಲ್ಲಿ ಕೆಲವಕ್ಕೆ ಕತ್ತರಿ ಬಿದ್ದಿತ್ತು, ಕೆಲವಕ್ಕೆ ಇಲ್ಲ.

ಮರಿಗಳು ಹಾರಿಹೋದ ಮೇಲೆ ಚಿಲಕ ತಾನಾಗಿಯೇ ಸರಿಹೋಯಿತು. ಅವರು ಚಹಾದ ಲೋಟ ಹಿಡಿದು ಬಾಲ್ಕನಿಗೆ ಬಂದರು. ಕುಂಡದ ಮಣ್ಣಿನಲ್ಲೊಂದು ಸಣ್ಣ ತಗ್ಗು. ಅದನ್ನೇ ನೋಡುತ್ತ ಚಹಾ ಮುಗಿಸಿದರು.

"ಇದರಲ್ಲಿ ಮತ್ತೇನೂ ನೆಡಬೇಡ. ಹೀಗೇ ಇರಲಿ."

"ಯಾಕೆ?"

"ನೀನು ನೆಟ್ಟಿದ್ದು ಹೇಗೂ ಬದುಕಲ್ವಲ್ಲ."

ಅವರಿಗೆ ಮೊದಲಿನಿಂದಲೂ ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯದು. ಆಕೆಯೂ ಕೇಳಿಲ್ಲ. ಆ ಮನೆಯಲ್ಲಿ ಪ್ರಶ್ನೆ ಕೇಳಬೇಕೆಂದರೆ ಮೊದಲು ತನ್ನ ಊಹೆ ಹೇಳಬೇಕಲ್ಲ.